ಡಚ್, ಮಾವೋರಿ ಎರಡೂ ಕಲಿಸೋ ಆ್ಯಪ್: 5ಕ್ಕೆ 3 ಸ್ಟಾರ್

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಬಂದ್ಮೇಲೆ ಡಚ್ ಕಲಿಯೋಕೆ ಹಾಕ್ಕೊಂಡ ಆ್ಯಪ್ ಇದು, ಉತ್ತರದ ಕಡೆಯ ಗಂಟಲು ಕೆರೆಯೋ 'ಗ'ನೇ ಕಲಿಸುತ್ತೆ, ಇಲ್ಲಿ ದಕ್ಷಿಣದ ಬ್ರಾಬಾಂಟ್‌ ಪ್ರಾಂತ್ಯದಲ್ಲಿ ನೋಡಿದ್ರೆ ಜನರದ್ದು ಮೆತ್ತನೆ 'ಗ', ಅಂಗಡೀಲಿ ನಾನ್ ಬಾಯಿ ಬಿಟ್ರೆ ಸಾಕು ನಗ್ತಾರೆ. ಬೆಲ್ಜಿಯಂನಲ್ಲಿ ಡಚ್ ಮಾತಾಡೋರು 'ನೀನು' ಅನ್ನೋಕೆ 'ಯೈ' ಬದ್ಲು 'ಗೆ' ಅಂತಾರಲ್ಲ, ಅದರ ಸುದ್ದೀನೇ ಇಲ್ಲ. ಪಕ್ಕದ ಲಿಂಬರ್ಗ್ ಪ್ರಾಂತ್ಯದ ಮಾತಲ್ಲಂತೂ ರಾಗದ ಏರಿಳಿತಕ್ಕೇ ಅರ್ಥ ಬದಲಾಗುತ್ತೆ, ಅದನ್ನ ಬಿಟ್ಬಿಡಿ.

ಮಾವೋರಿ (ನ್ಯೂಜಿಲೆಂಡ್ ಮೂಲನಿವಾಸಿಗಳ ಭಾಷೆ) ಭಾಗ ಮಾತ್ರ ಸೂಪರ್ ಕಣ್ರೀ! ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದೋರು 'ಙ' ಬದ್ಲು 'ಕ' ಅನ್ನೋದು (ಅದಕ್ಕೇ ಅವರ ದೊಡ್ಡ ಬೆಟ್ಟ ಆಓರಾಂಗಿ ಅಲ್ಲ, ಆಓರಾಕಿ), ತೂಹೋಯೆ ಅನ್ನೋ ಬುಡಕಟ್ಟಿನ ಜನ ಅದನ್ನೇ 'ನ' ಮಾಡೋದು, ಉತ್ತರ ದ್ವೀಪದ ವಾಂಗನೂಯಿ ಕಡೆ 'ಹ' ನುಂಗೋದು, ಎಲ್ಲಾ ಆಡಿಯೋ ಸಮೇತ ಇದೆ. ಇಷ್ಟೇ ಕಾಳಜಿ ಡಚ್‌ಗೂ ತೋರ್ಸಿದ್ರೆ ಇವರ ಗಂಟೇನ್ ಹೋಗ್ತಿತ್ತೋ.