ಹೆಬ್ರೋನಿನ ಹೆಂಗಸರ ಅಂಗಡಿ: ಎರಡು ಕುಶನ್ ಕವರ್, ಆರು ಪರ್ಸ್

ಬಟ್ಟೆಯ ಹಿಂಬದಿಯಿಂದಲೇ ಶುರು ಮಾಡುತ್ತೇನೆ. ಧಾರವಾಡದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಹುಡುಗಿಯರಿಗೆ ಹೊಲಿಗೆ, ಕಸೂತಿ ಕಲಿಸಿದವಳು ನಾನು. ಯಾವ ಕಸೂತಿ ಕೈಗೆ ಬಂದರೂ ಮೊದಲು ತಿರುವಿ ಹಿಂದೆ ನೋಡುವುದು ರೂಢಿಯಾಗಿಬಿಟ್ಟಿದೆ. ಗಂಟು, ಜೋತುಬಿದ್ದ ದಾರ, ಅವಸರ, ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತವೆ. 2023ರ ಫೆಬ್ರವರಿಯಲ್ಲಿ ಪ್ಯಾಲೆಸ್ಟೀನಿನ ಹೆಬ್ರೋನ್ ಪಟ್ಟಣದ ಹಳೆಯ ಪೇಟೆಯಲ್ಲಿ, ಹೆಂಗಸರೇ ಸೇರಿ ನಡೆಸುವ ಒಂದು ಸಣ್ಣ ಅಂಗಡಿಯಲ್ಲಿ ಕುಶನ್ ಕವರ್ ಒಂದನ್ನು ಎತ್ತಿಕೊಂಡು ತಿರುವಿದೆ. ಗಲ್ಲೆಯ ಬಳಿ ಕುಳಿತಿದ್ದ ಹೆಂಗಸು ಎದ್ದು ಬಂದರು. "ನೀವೂ ಹೊಲಿಯುತ್ತೀರಿ ಅಲ್ಲವೇ, ಖಾಲ್ತಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಖಾಲ್ತಿ ಎಂದರೆ ತಾಯಿಯ ಅಕ್ಕತಂಗಿ, ನಮ್ಮ ಕಡೆಯ ಮೌಶಿ.

ಅಂಗಡಿಯ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಈಗ ನಡೆಯುತ್ತಿರುವುದನ್ನು ನೋಡಿದರೆ ಅದೇ ಸರಿ ಎನಿಸುತ್ತದೆ.

ನಮ್ಮ ಚರ್ಚಿನ ಸಭೆಯಿಂದ ಇಪ್ಪತ್ತೆಂಟು ಜನ ಪವಿತ್ರ ನಾಡಿನ ಯಾತ್ರೆಗೆ ಹೋಗಿದ್ದೆವು. ಯಾತ್ರೆಯ ಬಸ್ಸು ಬೇತ್ಲೆಹೇಮಿನ ದೊಡ್ಡ ಅಂಗಡಿಗಳ ಮುಂದೆ ನಿಲ್ಲುತ್ತದೆ, ಎಲ್ಲರೂ ಆಲಿವ್ ಮರದ ಶಿಲುಬೆ ಕೊಂಡು ಹತ್ತುತ್ತಾರೆ. ಹೆಬ್ರೋನ್ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ನನಗೆ ಮಾತ್ರ ಬೈಬಲಿನ ಅಬ್ರಹಾಮನ ಹೆಂಡತಿ ಸಾರಳ ಸಮಾಧಿ ಇರುವ ಊರನ್ನು ನೋಡದೆ ಮರಳಲು ಮನಸ್ಸಾಗಲಿಲ್ಲ. ಬಿಡುವಿನ ದಿನ ಮೂವರು ಹೆಂಗಸರು ಸೇರಿ ಹಂಚಿಕೊಂಡು ಹೋಗುವ ಹಳದಿ ವ್ಯಾನ್ ಹತ್ತಿದೆವು.

ಪೇಟೆಗೆ ಕಾಲಿಟ್ಟಾಗ ಮೊದಲು ಕಂಡದ್ದು ತಲೆಯ ಮೇಲಿನ ತಂತಿಬಲೆ. ಬೀದಿಯ ಉದ್ದಕ್ಕೂ, ಅಂಗಡಿಗಳ ಮೇಲೆ ಚಪ್ಪರದಂತೆ ಕಟ್ಟಿದ್ದಾರೆ. ಅದರಲ್ಲಿ ಬಾಟಲಿ, ಕಲ್ಲು, ಹರಿದ ಚೀಲ, ಕೊಳೆತ ತರಕಾರಿ. ಮೇಲಿನ ಮಹಡಿಗಳಲ್ಲಿ ನೆಲೆಸಿರುವ ಇಸ್ರೇಲಿ ವಸಾಹತುಗಾರರು ಎಸೆಯುವುದನ್ನು ತಡೆಯಲು ವ್ಯಾಪಾರಿಗಳು ಹಾಕಿಕೊಂಡ ಬಲೆ ಅದು. ನೀರನ್ನು ಅದು ತಡೆಯುವುದಿಲ್ಲ. ಅದಕ್ಕೇ ಈ ಅಂಗಡಿಯಲ್ಲಿ ಕಸೂತಿಯನ್ನು ಹೊರಗೆ ತೂಗುಹಾಕುವುದಿಲ್ಲ. ಬಾಗಿಲಿಗೆ ಹಾಕಿದ ಒಂದೆರಡು ಚೀಲಗಳಿಗೂ ಪ್ಲಾಸ್ಟಿಕ್ ಹೊದಿಸಿರುತ್ತಾರೆ.

1994ರ ಫೆಬ್ರವರಿ 25ರಂದು ಇದೇ ಊರಿನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಬರೂಕ್ ಗೋಲ್ಡ್‌ಸ್ಟೈನ್ ಎಂಬ ವಸಾಹತುಗಾರ ಗುಂಡಿಟ್ಟು ಕೊಂದ. ಆಮೇಲೆ ಬೀದಿಗಳು ಮುಚ್ಚತೊಡಗಿದ್ದು ಮಾತ್ರ ಸತ್ತವರ ಕಡೆಯವರಿಗೆ. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ 1997ರ ಒಪ್ಪಂದ ಊರನ್ನು ಎಚ್1, ಎಚ್2 ಎಂದು ಎರಡು ಮಾಡಿತು. ಹಳೆಯ ಪೇಟೆ ಇರುವ ಎಚ್2 ಇಸ್ರೇಲಿ ಸೇನೆಯ ಹಿಡಿತದಲ್ಲಿದೆ. ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆಯಾದ ಬಿತ್ಸೆಲೆಮ್ 2007ರಲ್ಲಿ ಪ್ರಕಟಿಸಿದ ಎಣಿಕೆಯ ಪ್ರಕಾರ ಊರಿನ ನಡುಭಾಗದಲ್ಲಿ 1,829 ಅಂಗಡಿ ಮುಂಗಟ್ಟುಗಳು ಮುಚ್ಚಿದ್ದವು, 1,014 ಮನೆಗಳನ್ನು ಜನ ಬಿಟ್ಟುಹೋಗಿದ್ದರು. ಅಂಥ ಬೀದಿಯಲ್ಲಿ ಹೆಂಗಸರ ಗುಂಪೊಂದು ದಿನ ಬೆಳಗಾದರೆ ಶಟರ್ ಎತ್ತುತ್ತದೆ ಎಂಬುದನ್ನು ನಾನು ಸುಮ್ಮನೆ ದಾಟಿ ಹೋಗಲಾರೆ.

ಇನ್ನು ಸಾಮಾನಿನ ವಿಷಯ. ನಾನು ಕೊಂಡದ್ದು ಕಪ್ಪು ಹತ್ತಿ ಬಟ್ಟೆಯ ಮೇಲೆ ಕಡುಗೆಂಪು ದಾರದಲ್ಲಿ ಹೊಲಿದ ಎರಡು ಕುಶನ್ ಕವರ್. ಈ ಕಸೂತಿಗೆ ಅರಬ್ಬಿಯಲ್ಲಿ ತತ್ರೀಜ್ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಮುಖ್ಯ ಹೊಲಿಗೆ ನಮ್ಮ ಮೆಂತಿಯೇ, ದಾರವನ್ನು ಅಡ್ಡಡ್ಡ ದಾಟಿಸುವ ಕತ್ತರಿ ಹೊಲಿಗೆ. ಇಂಚಿಗೆ ಹನ್ನೆರಡು ಬಂದಿವೆ. ನಡುವಿನ ಎಂಟು ಇಂಚಿನ ಚೌಕ ಒಂದಿಷ್ಟೂ ಬಿಡದೆ ತುಂಬಿದೆ, ಅಂದರೆ ಅಲ್ಲಿಯೇ 9,216 ಹೊಲಿಗೆಗಳು. ಭೂತಗನ್ನಡಿ ಹಿಡಿದು ನೋಡಿದೆ: ಪ್ರತಿಯೊಂದರಲ್ಲೂ ಮೇಲಿನ ಎಳೆ ಒಂದೇ ದಿಕ್ಕಿಗೆ ವಾಲಿದೆ. ಹಿಂಬದಿಯಲ್ಲಿ ನೆಟ್ಟಗಿನ ಸಾಲುಗಳು, ಗಂಟಿಲ್ಲ. ದಾರದ ತುದಿಯನ್ನು ಹೊಲಿಗೆಗಳ ಅಡಿಗೆ ನುಸುಳಿಸಿ ಮುಗಿಸಿದ್ದಾರೆ. ನನ್ನ ಶಿಷ್ಯೆಯರಲ್ಲಿ ಇಷ್ಟು ಶಿಸ್ತಿನ ಕೈ ಇದ್ದವರು ನಾಲ್ಕೈದು ಜನ.

ಒಂದು ಮೂಲೆಯಲ್ಲಿ ಬಿಳಿಯ ಒರಟು ಎಳೆಯೊಂದು ಉಳಿದಿತ್ತು. ಬಟ್ಟೆಯ ನೇಯ್ಗೆ ಸಣ್ಣದಾಗಿದ್ದರೆ ಎಳೆ ಎಣಿಸಲು ಆಗುವುದಿಲ್ಲ, ಆದ್ದರಿಂದ ಮೇಲೊಂದು ಜಾಳು ಕ್ಯಾನ್ವಾಸ್ ಇಟ್ಟು ಎರಡನ್ನೂ ಸೇರಿಸಿ ಹೊಲಿಯುತ್ತಾರೆ. ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಹಿರಿದು ತೆಗೆಯುತ್ತಾರೆ. ಅದರಲ್ಲಿ ಒಂದು ಅಡಗಿ ಕುಳಿತಿತ್ತು. ಮನೆಗೆ ಬಂದು ಚಿಮಟದಿಂದ ಎಳೆದೆ, ಮೂರು ಇಂಚು ಉದ್ದ ಬಂತು. ಇದು ತಪ್ಪೇ, ಹೇಳಬೇಕು. ಇನ್ನೊಂದು ತಪ್ಪು ಜಿಪ್ಪು: ತೀರಾ ತೆಳುವಾಗಿತ್ತು, ಎರಡೇ ತಿಂಗಳಲ್ಲಿ ಹಲ್ಲು ಬಿಟ್ಟಿತು. ಸುಭಾಸ ರಸ್ತೆಯಲ್ಲಿ ಹೊಸದು ತಂದು ನಾನೇ ಹಾಕಿಕೊಂಡೆ.

ನಡುವಿನ ವಿನ್ಯಾಸ ಏನೆಂದು ಕೇಳಿದೆ. ನನಗೆ ಅದು ನಮ್ಮ ಗೋಪುರದ ಹಾಗೆ ಕಂಡಿತ್ತು. "ಮಿಫ್ತಾಹ್ ಅಲ್-ಖಲೀಲ್" ಎಂದರು, ಹೆಬ್ರೋನಿನ ಬೀಗದಕೈ. ಖಲೀಲ್ ಎಂದರೆ ಸ್ನೇಹಿತ. ದೇವರ ಸ್ನೇಹಿತ ಅಬ್ರಹಾಮನ ಊರು ಎಂದು ಈ ಹೆಸರು. ಸುತ್ತಲಿನ ಅಂಚಿನದು ಸರು ಮರ. 1948ಕ್ಕೆ ಮೊದಲು ಹೆಂಗಸಿನ ಅಂಗಿಯ ಎದೆಯ ಕಸೂತಿ ನೋಡಿ ಅವಳು ಯಾವ ಊರಿನವಳೆಂದು ಹೇಳಬಹುದಿತ್ತಂತೆ. ಆ ವರ್ಷದ ಯುದ್ಧದಲ್ಲಿ ಊರುಗಳು ಹೋದವು, ಬೇರೆ ಬೇರೆ ಊರಿನವರು ಒಂದೇ ನಿರಾಶ್ರಿತರ ಶಿಬಿರದಲ್ಲಿ ಸೇರಿದರು, ವಿನ್ಯಾಸಗಳೂ ಕಲೆತವು. 1987ರಲ್ಲಿ ಮೊದಲ ಇಂತಿಫಾದಾ, ಅಂದರೆ ಇಸ್ರೇಲಿ ಆಡಳಿತದ ವಿರುದ್ಧ ಜನರ ದಂಗೆ, ಎದ್ದಾಗ ಪ್ಯಾಲೆಸ್ಟೀನಿನ ಬಾವುಟ ಹಾರಿಸುವುದಕ್ಕೆ ನಿಷೇಧವಿತ್ತು. ಹೆಂಗಸರು ಬಾವುಟದ ಬಣ್ಣಗಳನ್ನು ಅಂಗಿಯ ಮೇಲೆಯೇ ಹೊಲಿದು ತೊಟ್ಟು ನಡೆದರು.

ಬೆಲೆ ಒಂದಕ್ಕೆ 130 ಶೇಕೆಲ್, ಆಗಿನ ಲೆಕ್ಕದಲ್ಲಿ ಸುಮಾರು ಮೂರು ಸಾವಿರ ರೂಪಾಯಿ. ನನ್ನ ಜೊತೆಯವರು ಚೌಕಾಸಿಗೆ ಇಳಿದರು, ನಾನು ತಡೆದೆ. ಬೈಬಲಿನ ಆದಿಕಾಂಡದಲ್ಲಿ ಸಾರಳನ್ನು ಹೂಳಲು ಇದೇ ಊರಿನ ಗವಿಯನ್ನು ಎಫ್ರೋನನು ಪುಕ್ಕಟೆ ಕೊಡುತ್ತೇನೆ ಎಂದರೂ ಅಬ್ರಹಾಮನು ಒಪ್ಪದೆ ನಾನೂರು ಶೇಕೆಲ್ ಬೆಳ್ಳಿ ತೂಗಿ ಕೊಟ್ಟ. ಚಿಕ್ಕಂದಿನಿಂದ ಓದಿದ ಆ ಮಾತು ಆ ಗಲ್ಲೆಯ ಮುಂದೆ ನೆನಪಾಯಿತು.

ಹೊಲಿದವರ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿದ್ದಕ್ಕೆ ಅವರು ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸಿದರು: 75. ಉಳಿದದ್ದು ಬಟ್ಟೆ, ದಾರ, ಬಾಡಿಗೆ. ಗಂಟೆಗೆ ಮುನ್ನೂರು ಹೊಲಿಗೆ ಹಿಡಿದರೂ ನಡುವಿನ ಚೌಕಕ್ಕೇ ಮೂವತ್ತು ಗಂಟೆ ಬೇಕು. ಇದು ಬಹಳ ಕಡಿಮೆ ಎಂದೆ. "ಗೊತ್ತು ಖಾಲ್ತಿ. ಬೆಲೆ ಏರಿಸೋಣವೆಂದರೆ ಕೊಳ್ಳುವವರು ಈ ಬೀದಿಯವರೆಗೆ ಬರಬೇಕಲ್ಲ?" ಎಂದರು. ಸೇಜ್ ಎಲೆ ಹಾಕಿದ ಚಹಾ ಕೊಟ್ಟರು. ಅಲ್ಲಿಂದ ಮಾತು ಅಂಗಡಿ ದಾಟಿ ಹೋಯಿತು.

ಈ ಕಸೂತಿ ಹೊಲಿಯುವವರೆಲ್ಲ ಸುತ್ತಲಿನ ಹಳ್ಳಿಗಳ ಹೆಂಗಸರು. ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸ ಎಂಬುದೇ ದೊಡ್ಡ ಕಾರಣ. ಪಟ್ಟಣಕ್ಕೆ ಕೆಲಸಕ್ಕೆ ಹೋಗಬೇಕೆಂದರೆ ಇಸ್ರೇಲಿ ಸೇನೆಯ ತಪಾಸಣಾ ಗೇಟುಗಳಿವೆ, ಊರಿನ ಬಾಯಿಗೆ ಯಾವಾಗ ಬೇಕಾದರೂ ಮುಚ್ಚಬಹುದಾದ ಹಳದಿ ಕಬ್ಬಿಣದ ಅಡ್ಡಗಂಬಗಳಿವೆ. 2025ರ ಆರಂಭದಲ್ಲಿ ವಿಶ್ವಸಂಸ್ಥೆ ಎಣಿಸಿದಾಗ ಹೆಬ್ರೋನ್ ಇರುವ ಪಶ್ಚಿಮ ದಂಡೆಯಲ್ಲಿ ಇಂಥ ತಡೆಗಳು 849. ಎಲ್ಲ ತೊಂದರೆಯೂ ಸೈನಿಕರಿಂದಲೇ ಎಂದು ಅಂಗಡಿಯವರು ಹೇಳಲಿಲ್ಲ. ಸಂಬಳವನ್ನು ಗಂಡನ ಕೈಗೆ ಕೊಡಿ ಎಂದು ಕೇಳಿಕೊಂಡು ಬರುವ ಮಾವಂದಿರೂ ಇದ್ದಾರೆ. ಅಂಗಡಿ ನಡೆಸುವ ಹೆಂಗಸರ ಸಂಘ ಹಣವನ್ನು ಹೊಲಿದವಳ ಕೈಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಹೆಂಗಸರ ವಿರುದ್ಧದ ತಾರತಮ್ಯ ತೊಡೆಯುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಪ್ಯಾಲೆಸ್ಟೀನ್ 2014ರಲ್ಲಿ ಯಾವ ಷರತ್ತೂ ಇಲ್ಲದೆ ಸೇರಿತು, 2019ರಲ್ಲಿ ಮದುವೆಯ ವಯಸ್ಸನ್ನು ಹದಿನೆಂಟಕ್ಕೆ ಏರಿಸಿತು. ಅದೇ ಒಪ್ಪಂದಕ್ಕೆ 1991ರಲ್ಲೇ ಸೇರಿದ ಇಸ್ರೇಲ್, ತಾನು ಆಕ್ರಮಿಸಿಕೊಂಡ ನೆಲಕ್ಕೆ ಅದು ಅನ್ವಯಿಸುವುದಿಲ್ಲ ಎನ್ನುತ್ತದೆ. ಹೀಗಾಗಿ ಗೇಟಿನ ಮುಂದೆ ನಿಂತ ಹೆಂಗಸು ಯಾರ ಬಳಿ ಹಕ್ಕು ಕೇಳಬೇಕು?

ಕಸೂತಿ ಮಾಡಿದ ಹೆಂಗಸರು ಕೇಳದೆ ಬಿಟ್ಟವರೂ ಅಲ್ಲ. ಇದೇ ಕೆಲಸದಿಂದ ಹೆಂಗಸರ ಕೈಗೆ ದುಡ್ಡು ಬರಲೆಂದು 1965ರಲ್ಲಿ ಪಶ್ಚಿಮ ದಂಡೆಯ ಅಲ್-ಬಿರೆ ಪಟ್ಟಣದಲ್ಲಿ ಇನ್‌ಆಶ್ ಅಲ್-ಉಸ್ರಾ ಎಂಬ ಸಂಸ್ಥೆ ಕಟ್ಟಿದ ಸಮೀಹಾ ಖಲೀಲ್, 1996ರಲ್ಲಿ ಪ್ಯಾಲೆಸ್ಟೀನಿನ ಅಧ್ಯಕ್ಷ ಪದವಿಯ ಚುನಾವಣೆಗೆ ಯಾಸರ್ ಅರಾಫತ್ ಎದುರು ನಿಂತರು.

ನನ್ನ ಕವರಿನ ಚೌಕ ಹೊಲಿದವರು ದಕ್ಷಿಣದ ಗುಡ್ಡಗಳಲ್ಲಿರುವ ಮಸಾಫರ್ ಯಟ್ಟಾದವರು. ಆ ನೆಲವನ್ನು ಸೇನೆ ಗುಂಡು ಹಾರಿಸುವ ತರಬೇತಿಗೆಂದು ಗುರುತಿಸಿತ್ತು. 2022ರ ಮೇ ತಿಂಗಳಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು ಅಲ್ಲಿಯ ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಬಹುದೆಂದು ತೀರ್ಪು ಕೊಟ್ಟಿತು. ಮನೆ ಬೀಳಿಸಲು ಯಂತ್ರ ಬಂದ ದಿನ ಆ ಹೆಂಗಸು ಮೊದಲು ಮಕ್ಕಳನ್ನು, ಆಮೇಲೆ ಹಿಟ್ಟಿನ ಮೂಟೆಯನ್ನು ಹೊರಗೆ ತಂದರಂತೆ. ಮೂರನೆಯ ಸಲ ಒಳಗೆ ಹೋಗಲು ಬಿಡಲಿಲ್ಲ. ಅರ್ಧ ಹೊಲಿದ ಬಟ್ಟೆ, ದಾರದ ಡಬ್ಬಿ ಗೋಡೆಯ ಅಡಿಯಲ್ಲಿ ಹೋದವು. ಸಂಘ ಹೊಸ ದಾರ ಕೊಟ್ಟಿತು, ಲೆಕ್ಕದಲ್ಲಿ ಕಡಿತ ಮಾಡಲಿಲ್ಲ. ಮನೆಯೇ ಕೆಲಸದ ಜಾಗವೂ ಆದ ಹೆಂಗಸಿಗೆ ಮನೆ ಹೋದರೆ ಆ ದಿನದ ಕೂಲಿಯೂ ಹೋಯಿತು.

ಅಂಗಡಿಯವರ ನಾದಿನಿ ಹೆರಿಗೆ ನೋವು ಶುರುವಾದ ರಾತ್ರಿ ತಿರುಗುಗೇಟಿನ ಕಂಬಿಗಳ ನಡುವೆ ಹೊಟ್ಟೆ ಹಿಡಿದುಕೊಂಡು ನಡೆದು ದಾಟಿದರು. ಆ ಬೀದಿಗೆ ಪ್ಯಾಲೆಸ್ಟೀನಿಯರ ಕಾರು ಬರುವ ಹಾಗಿಲ್ಲ, ಆಂಬುಲೆನ್ಸಿಗೂ ಮೊದಲು ಅನುಮತಿ ಬೇಕು. ಆ ಕೂಸು ಬದುಕಿತು. 2000ದಿಂದ 2006ರವರೆಗೆ 69 ಹೆಂಗಸರು ತಪಾಸಣಾ ಗೇಟುಗಳಲ್ಲೇ ಹೆತ್ತರು, 35 ಕೂಸುಗಳು, ಐವರು ತಾಯಂದಿರು ತೀರಿಕೊಂಡರು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಇದನ್ನು ಕಣ್ಣಾರೆ ಕಂಡು ಬರೆದಿಡಬೇಕೆಂದು 2001ರಿಂದ ಗೇಟುಗಳ ಬಳಿ ಬಂದು ನಿಲ್ಲುವ ಇಸ್ರೇಲಿ ಹೆಂಗಸರೂ ಇದ್ದಾರೆ, ಮಖ್ಸೋಮ್ ವಾಚ್ ಎಂಬ ಗುಂಪು. ಅವರಲ್ಲಿ ಬಹಳ ಜನ ನನ್ನ ವಯಸ್ಸಿನವರು.

ನಾವು ಮರಳಿ ಎಂಟು ತಿಂಗಳಿಗೆ ಯುದ್ಧ ಬಂತು. ಎಚ್2ರಲ್ಲಿ ಕರ್ಫ್ಯೂ, ಅಂಗಡಿ ಮುಚ್ಚಿತು, ಪ್ರವಾಸಿಗಳು ನಿಂತರು. ಗಾಜಾದಿಂದ ಬರುತ್ತಿದ್ದ ಸುದ್ದಿಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಬಟ್ಟೆಯ ವಿಷಯ. ಗುಡಾರದ ಬಟ್ಟೆಯ ಚೂರು ಹರಿದು ಮುಟ್ಟಿನ ದಿನಗಳಿಗೆ ಬಳಸುತ್ತಿದ್ದಾರೆ ಎಂದು ಓದಿದೆ. ಗುಡಾರದ ಬಟ್ಟೆ ಕೈಯಲ್ಲಿ ಹಿಡಿದವರಿಗೆ ಅದು ಎಷ್ಟು ಒರಟು, ನೀರನ್ನು ಎಷ್ಟು ಕಡಿಮೆ ಹೀರುತ್ತದೆ ಎಂದು ಗೊತ್ತು. ಮುಟ್ಟಿನ ವಯಸ್ಸಿನ ಆರು ಲಕ್ಷ ತೊಂಬತ್ತು ಸಾವಿರ ಹೆಂಗಸರು, ಹುಡುಗಿಯರು ಗಾಜಾದಲ್ಲಿದ್ದರು. ಯುದ್ಧ ಶುರುವಾದಾಗ ಸುಮಾರು ಐವತ್ತು ಸಾವಿರ ಜನ ಬಸುರಿಯರು. ಸೋಪು, ಶುಭ್ರವಾದ ಹತ್ತಿ ಬಟ್ಟೆ, ಬಾಗಿಲು ಇರುವ ಒಂದು ಶೌಚಾಲಯ: ನೆರವು ಎಂದರೆ ಮೊದಲು ಇವು. ಅಲ್ಲಿಯೂ ಕಸೂತಿಯವರಿದ್ದರು. ನಿರಾಶ್ರಿತ ಹೆಂಗಸರಿಗಾಗಿ 1950ರಲ್ಲಿ ಶುರುವಾದ ಸುಲಾಫಾ ಎಂಬ ಕೇಂದ್ರದ ಕೆಲಸವನ್ನು ಹೆಬ್ರೋನಿನ ಆ ಗಲ್ಲೆಯ ಬಳಿಯೇ ಮೊಬೈಲಿನಲ್ಲಿ ನೋಡಿದ್ದೆ.

2024ರ ಜನವರಿಯಲ್ಲಿ ಆರು ಸಣ್ಣ ಪರ್ಸುಗಳಿಗೆ ಬೇಡಿಕೆ ಕಳಿಸಿದೆ. ಹಣ ತಲುಪಿತು, ಸಾಮಾನು ಹೊರಡಲಿಲ್ಲ. ಪ್ರತಿ ತಿಂಗಳು ಒಂದು ಸಂದೇಶ ಬರುತ್ತಿತ್ತು: ಊರಿನ ಗೇಟು ಮುಚ್ಚಿದೆ, ನಾಲ್ಕು ಮುಗಿದಿವೆ, ಕೆಂಪು ದಾರ ಬಂದಿಲ್ಲ. ಕೊನೆಗೆ ಯಾರೋ ಅಮ್ಮಾನ್‌ಗೆ ಒಯ್ದರು, ಅಲ್ಲಿ ಕೆಲಸ ಮಾಡುವ ನಮ್ಮೂರ ನರ್ಸ್ ಹುಡುಗಿ ರಜೆಗೆ ಬರುವಾಗ ತಂದಳು. ಆಗಸ್ಟಿನಲ್ಲಿ ಕೈಗೆ ಸಿಕ್ಕವು. ತಡವಾಯಿತು ಎಂದು ಅಂಕ ಕಡಿಯುವವಳಲ್ಲ ನಾನು.

ಐದು ಪರ್ಸುಗಳು ಕವರಿನಷ್ಟೇ ಅಚ್ಚುಕಟ್ಟು. ಜಿಪ್ಪು ಈ ಸಲ ದಪ್ಪನೆಯದು. ನಾನು ಹೇಳಿದ್ದನ್ನು ನೆನಪಿಟ್ಟಿದ್ದಾರೆ. ಆರನೆಯದರಲ್ಲಿ ಸರು ಮರ ಅರ್ಧಕ್ಕೆ ಬಂದಾಗ ಕೆಂಪು ಬದಲಾಗಿದೆ. ಕೆಳಗೆ ಕಡುಗೆಂಪು, ಮೇಲೆ ಇಟ್ಟಿಗೆಯ ಬಣ್ಣ. ಅದೇ ನಂಬರಿನ ದಾರ ಸಿಕ್ಕಿಲ್ಲ. ತಿರುವಿ ನೋಡಿದೆ. ಹಳೆಯ ಎಳೆ ಮುಗಿದಲ್ಲಿ ತುದಿಯನ್ನು ಹಿಂದಿನ ಹೊಲಿಗೆಗಳ ಅಡಿಗೆ ಸೇರಿಸಿ, ಪಕ್ಕದ ರಂಧ್ರದಿಂದಲೇ ಹೊಸದನ್ನು ಎಬ್ಬಿಸಿದ್ದಾರೆ; ಗಂಟಿಲ್ಲ. ಬೇಡವಾದರೆ ಬೇರೆಯದು ಹೊಲಿದು ಕಳಿಸುತ್ತೇವೆ ಎಂದು ಚೀಟಿ ಇಟ್ಟಿದ್ದರು. ಐದನ್ನು ಸಭೆಯ ಹೆಂಗಸರು ಕೊಂಡರು, ಆರನೆಯದನ್ನು ನಾನು ಇಟ್ಟುಕೊಂಡೆ.

ಕೊಳ್ಳುವವರಿಗೆ ಎರಡು ಮಾತು. ತಣ್ಣೀರಿನಲ್ಲಿ ಬೇರೆಯಾಗಿ ತೊಳೆಯಿರಿ, ಹಿಂಡಬೇಡಿ, ಹಿಂಬದಿಗೆ ಇಸ್ತ್ರಿ ಮಾಡಿ. ಬೇತ್ಲೆಹೇಮಿಗೆ ಹೋಗುವ ಯಾತ್ರೆ ಮತ್ತೆ ಶುರುವಾದರೆ, ಬಸ್ಸು ನಿಲ್ಲಿಸಿದಲ್ಲೇ ಎಲ್ಲ ದುಡ್ಡು ಖರ್ಚು ಮಾಡಬೇಡಿ. ಹೆಬ್ರೋನಿನ ಹಳೆಯ ಪೇಟೆಗೆ ಹೋಗಿ, ಬಲೆಯ ಕೆಳಗೆ ನಡೆಯಿರಿ, ಪ್ಲಾಸ್ಟಿಕ್ ಹೊದಿಸಿದ ಕಸೂತಿ ಚೀಲ ತೂಗುವ ಬಾಗಿಲು ಎಡಗಡೆ ಸಿಗುತ್ತದೆ. ನನ್ನ ಮುಂದಿನ ಬೇಡಿಕೆ ಎಂಟು ಕುಶನ್ ಕವರಿನದು. ಒಂದಕ್ಕೆ 200 ಶೇಕೆಲ್ ಎಂದು ನಾನೇ ಬರೆದು ಕಳಿಸಿದ್ದೇನೆ, ಹೊಲಿದವರಿಗೆ 145 ಸೇರಬೇಕೆಂದೂ ಬರೆದಿದ್ದೇನೆ.