ಮೂರು ವರ್ಷ ಬಳಸಿದ ಯುವಿ ಡೈ ಲೀಕ್ ಕಿಟ್: ಎಣ್ಣೆ ಬಿದ್ದ ಜಾಗ ಒಂದು, ಸೋರುವ ಜಾಗ ಇನ್ನೊಂದು

ಒಂದು ಬಾಟಲಿ ಡೈ, ಒಂದು ಯುವಿ ಟಾರ್ಚ್, ಒಂದು ಹಳದಿ ಕನ್ನಡಕ. ಕಿಟ್ ಅಂದರೆ ಇಷ್ಟೇ. ಡೈಯನ್ನು ಎಣ್ಣೆಗೆ ಬೆರೆಸಿ ಗಾಡಿ ಓಡಿಸಿದರೆ, ಸೋರಿದ ಎಣ್ಣೆ ಯುವಿ ಟಾರ್ಚ್‌ಗೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಪೆಟ್ಟಿಗೆ ಬಿಚ್ಚಿದಾಗ ಮಕ್ಕಳ ಆಟದ ಸಾಮಾನು ತರಿಸಿಕೊಂಡೆನೇನೋ ಅನಿಸಿತ್ತು. ಆದರೆ ಗೇರ್‌ಬಾಕ್ಸ್ ಇಳಿಸುವ ಕೆಲಸ ತಪ್ಪಿಸಿದ್ದು ಇದೇ. ಹೇಗೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನನ್ನದು ಹಳೇ ಪಿಕಪ್, ಡೀಸೆಲ್, ಮ್ಯಾನ್ಯುವಲ್ ಗೇರ್. ನಿಲ್ಲಿಸಿದ ಕಡೆಯೆಲ್ಲ ಕೆಳಗೆ ಎಣ್ಣೆಯ ಹನಿ ಬೀಳತೊಡಗಿತು. ಬಗ್ಗಿ ನೋಡಿದರೆ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಮುಚ್ಚಿರುವ ಚಿಪ್ಪು, ಅಂದರೆ ಬೆಲ್ ಹೌಸಿಂಗ್‌ನ ತಳದಲ್ಲಿ ಒಂದು ಕರಿ ಹನಿ, ಬೀಳಲೋ ಬೇಡವೋ ಎಂಬಂತೆ ನೇತಾಡುತ್ತಿತ್ತು. ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿ, ಎರಡು ಸೆಕೆಂಡಿನಲ್ಲಿ ತೀರ್ಪು ಕೊಟ್ಟ: "ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ ಸಾರ್. ಗೇರ್‌ಬಾಕ್ಸ್ ಇಳಿಸಬೇಕು."

ಅಂದರೆ ಎಂಜಿನ್‌ನ ಹಿಂಬದಿಯಲ್ಲಿ ಎಣ್ಣೆ ತಡೆಯುವ ಸೀಲ್. ಅವನ ಮಾತು ಸುಳ್ಳಾಗಲೇಬೇಕೆಂದೇನಿಲ್ಲ. ಆದರೆ ಮ್ಯಾನ್ಯುವಲ್ ಗಾಡಿಯಲ್ಲಿ ಆ ಒಂದು ಜಾಗಕ್ಕೆ ಬರುವ ದಾರಿಗಳು ಬಹಳ. ಮುಂದಿನಿಂದ ಎಂಜಿನ್ ಆಯಿಲ್ ಬರಬಹುದು. ಹಿಂದಿನಿಂದ, ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಸೀಲ್‌ನಿಂದ ಗೇರ್ ಆಯಿಲ್ ಬರಬಹುದು. ಕ್ಲಚ್‌ನ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಒಳಗೇ ಕೂತಿರುವ ಗಾಡಿಯಾದರೆ ಕ್ಲಚ್ ಫ್ಲೂಯಿಡ್ ಕೂಡ ಅಲ್ಲೇ ಇಳಿಯುತ್ತದೆ. ಇದು ಸಾಲದು ಅಂತ ಎಂಜಿನ್ ತಲೆಯ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್ ಸೋರಿದರೂ ಎಣ್ಣೆ ಎಂಜಿನ್ ಬೆನ್ನ ಮೇಲೆ ಹರಿದು ಕೊನೆಗೆ ತೊಟ್ಟಿಕ್ಕುವುದು ಅಲ್ಲೇ.

ನನಗೆ ಎರಡು ವಿಷಯ ಅನುಮಾನ ತಂದವು. ಒಂದು, ಕ್ಲಚ್ ಸ್ವಲ್ಪವೂ ಜಾರುತ್ತಿರಲಿಲ್ಲ, ನಡುಗುತ್ತಲೂ ಇರಲಿಲ್ಲ; ಒಳಗೆ ಎಣ್ಣೆ ಸೋರಿ ಕ್ಲಚ್‌ಗೆ ತಾಗಿದ್ದರೆ ಹಾಗೆ ಆಗಬಹುದಿತ್ತು. ಎರಡು, ಹತ್ತಿರದ ಓಡಾಟದಲ್ಲಿ ಹನಿಯೇ ಇಲ್ಲ. ಗಂಟೆಗಟ್ಟಲೆ ಓಡಿಸಿ ಬಂದ ದಿನ ಮಾತ್ರ ಬೀಳುತ್ತಿತ್ತು. ಬಣ್ಣ ನೋಡಿದರೆ ಎಂಜಿನ್ ಆಯಿಲ್‌ನಂತೆ ಕರಿ. ಒಂದು ರಟ್ಟು ಹಾಸಿ, ಹನಿ ಹಿಡಿದು ಮೂಸಿ ನೋಡಿದೆ. ಗೇರ್ ಆಯಿಲ್‌ನ ಗಂಧಕದ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಇದರಲ್ಲಿ ಅದು ಇತ್ತೋ ಇಲ್ಲವೋ ಅನ್ನುವಷ್ಟಿತ್ತು. ಆಗ ಈ ಕಿಟ್ ತರಿಸಿದೆ.

ಮೊದಲ ಸಲ ಪೂರ್ತಿ ಕೆಡಿಸಿದೆ, ಅದನ್ನೂ ಹೇಳಿಬಿಡುತ್ತೇನೆ. ಡೈ ಸುರಿಯುವಾಗ ಬಾಟಲಿಯ ಮೂತಿಯಿಂದ ನಾಲ್ಕು ಹನಿ ಎಂಜಿನ್ ಮೇಲೆ ಬಿತ್ತು. ಬಟ್ಟೆಯಲ್ಲಿ ಒರೆಸಿದೆ, ಅದೇ ಬಟ್ಟೆಯಿಂದ ಕೈ ಒರೆಸಿದೆ, ಅದೇ ಕೈಯಿಂದ ಬಾನೆಟ್ ಮುಚ್ಚಿದೆ. ರಾತ್ರಿ ಟಾರ್ಚ್ ಹಾಕಿದರೆ ದೀಪಾವಳಿ! ಬೀಗದ ಕೊಂಡಿ, ಟ್ಯಾಪೆಟ್ ಕವರ್, ನನ್ನ ಮೊಣಕೈ, ಎಲ್ಲವೂ ಹಸಿರು ಹಳದಿ. ಲೀಕ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೊಳೆಯುತ್ತಿತ್ತು.

ಎರಡನೇ ಸಲ ಅಡಿಯನ್ನೆಲ್ಲ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿದೆ. ಗಾಡಿಯ ಕೆಳಗೆ ನುಗ್ಗುವ ಮುಂಚೆ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟೆ. ಬರೀ ಜಾಕ್ ನಂಬಿ ಯಾರೂ ಮಲಗಬೇಡಿ. ಎಂಜಿನ್‌ನಲ್ಲಿ ಆಗಲೇ ಡೈ ಇತ್ತು. ಎರಡು ದಿನ ಓಡಿಸಿದೆ. ಹನಿ ಮತ್ತೆ ಬಂತು, ಆದರೆ ಟಾರ್ಚ್‌ಗೆ ಹೊಳೆಯಲಿಲ್ಲ. ಬರೀ ಮಂಕು ನೀಲಿ. ಎಣ್ಣೆಗಳು ತಾವಾಗಿಯೇ ಹಾಗೆ ಸ್ವಲ್ಪ ಹೊಳೆಯುತ್ತವೆ, ಅದು ಡೈ ಅಲ್ಲ. ಅಲ್ಲಿಗೆ ಎಂಜಿನ್ ನಿರಪರಾಧಿ. ಡೈ ಅನ್ನು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಟ್ಟಿಗೆ ಹಾಕದೆ ಒಂದೊಂದಕ್ಕೇ ಹಾಕಬೇಕು ಅನ್ನುವುದು ಇದಕ್ಕೇ. ಎರಡೂ ಕಡೆ ಒಂದೇ ಬಣ್ಣ ಇದ್ದರೆ ಯಾವುದು ಯಾರದು ಅಂತ ಹೇಳುವುದು ಹೇಗೆ?

ಆಮೇಲೆ ಗೇರ್‌ಬಾಕ್ಸ್. ಫಿಲ್ಲರ್ ಬೋಲ್ಟ್ ಬಿಚ್ಚಿ, ಸಿರಿಂಜ್‌ನಲ್ಲಿ ಸ್ವಲ್ಪ ಎಣ್ಣೆ ಹೊರತೆಗೆದು, ಅಷ್ಟೇ ಡೈ ಒಳಗೆ ಬಿಟ್ಟೆ. ಎಣ್ಣೆ ಆ ತೂತಿನ ಅಂಚಿಗೆ ಬಂದು ನಿಲ್ಲಬೇಕು, ಅದಕ್ಕಿಂತ ಜಾಸ್ತಿ ಆದರೆ ಅದೇ ಒಂದು ಹೊಸ ಲೀಕ್ ಆಗುತ್ತದೆ. ಒಂದು ದೂರದ ಸವಾರಿ ಮುಗಿಸಿ ಬಂದು, ಸೈಲೆನ್ಸರ್ ತಣ್ಣಗಾಗಲು ಬಿಟ್ಟು, ಕತ್ತಲಾದ ಮೇಲೆ ಕೆಳಗೆ ನುಗ್ಗಿದೆ.

ಬೆಲ್ ಹೌಸಿಂಗ್ ತಳದಲ್ಲಿ ಹಸಿರು ಹನಿ. ಅದರ ಹಿಂದೆ ಒಂದು ಗೆರೆ. ಗೆರೆ ಹಿಡಿದು ಮೇಲೆ ಹೋದರೆ ಗೇರ್‌ಬಾಕ್ಸ್‌ನ ಪಕ್ಕೆ, ಅಲ್ಲಿಂದ ಇನ್ನೂ ಮೇಲೆ. ಕೈ ಹೋಗದ ಕಡೆ ಸಣ್ಣ ಕನ್ನಡಿ ಹಿಡಿದೆ. ಗೇರ್ ಲಿವರ್ ಕೂರುವ ಮೇಲಿನ ಕವರ್‌ನ ಅಂಚಿನಲ್ಲಿ ಗೆರೆ ಮುಗಿಯಿತು. ಸೋರುತ್ತಿದ್ದದ್ದು ಅಲ್ಲಿ! ನಾನು ನಿಲ್ಲಿಸುವ ಜಾಗ ಮುಂದಕ್ಕೆ ಇಳಿಜಾರು, ಹಾಗಾಗಿ ಎಣ್ಣೆ ಮುಂದಕ್ಕೆ ಹರಿದು ಬೆಲ್ ಹೌಸಿಂಗ್‌ಗೆ ಬಂದು ಸೇರುತ್ತಿತ್ತು. ದಾರಿಯುದ್ದಕ್ಕೂ ಹಳೇ ಜಿಡ್ಡು ಬಳಿದುಕೊಂಡು ಬಂದು ಕರಿಯಾಗುತ್ತಿತ್ತು. ಬಣ್ಣ ನೋಡಿ ನಾವಿಬ್ಬರೂ ಮೋಸ ಹೋಗಿದ್ದೆವು.

ದೂರ ಓಡಿಸಿದಾಗ ಮಾತ್ರ ಯಾಕೆ ಅಂತ ಕೇಳಿದರೆ, ಉತ್ತರ ಪಕ್ಕದಲ್ಲೇ ಇತ್ತು. ಗೇರ್‌ಬಾಕ್ಸ್‌ನ ಬ್ರೀದರ್ ಕ್ಯಾಪ್ ಮಣ್ಣು ಮೆತ್ತಿ ಕಲ್ಲಾಗಿತ್ತು. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಬರಲು ದಾರಿ ಇಲ್ಲದಿದ್ದರೆ ಎಣ್ಣೆಯನ್ನು ಸೋತ ಕಡೆಯಿಂದ ತಳ್ಳುತ್ತದೆ. ನನ್ನಲ್ಲಿ ಸೋತದ್ದು ಆ ಕವರ್‌ನ ಹಳೇ ಪ್ಯಾಕಿಂಗ್. ಬ್ರೀದರ್ ಬಿಡಿಸಿ ತೊಳೆದು, ಪ್ಯಾಕಿಂಗ್ ಬದಲಿಸಿದೆವು. ಗೇರ್‌ಬಾಕ್ಸ್ ಇದ್ದಲ್ಲೇ ಇದೆ. ಆ ಮೆಕ್ಯಾನಿಕ್‌ನೇ ಕೆಲಸ ಮಾಡಿದ್ದು. ಟಾರ್ಚ್ ಹಿಡಿದು ಆ ಹಸಿರು ಗೆರೆ ನೋಡಿ ಸುಮ್ನೆ ನಕ್ಕ.

ಇನ್ನು ಕಿಟ್‌ನ ಬಗ್ಗೆ. ಡೈ ಚೆನ್ನಾಗಿದೆ, ಆಯಿಲ್ ಬದಲಿಸುವವರೆಗೂ ಹೊಳಪು ಉಳಿಯುತ್ತದೆ. ಟಾರ್ಚ್ ಸಾಧಾರಣ. ಹಗಲಿನಲ್ಲಿ ದಂಡ, ಕತ್ತಲು ಬೇಕೇ ಬೇಕು, ಮತ್ತೆ ಅದನ್ನು ಕಣ್ಣಿಗೆ ನೇರ ಬಿಡಬಾರದು. ಸ್ವಿಚ್ ಎರಡನೇ ವರ್ಷಕ್ಕೆ ಸಡಿಲವಾಗಿ, ಈಗ ಎರಡು ಸಲ ತಟ್ಟಿದರೆ ಹತ್ತುತ್ತದೆ. ಕನ್ನಡಕ ಗೀರು ಬಿದ್ದು ಹೋಗಿದೆ, ಆದರೂ ಅದಿಲ್ಲದೆ ತೆಳು ಪಸೆ ಕಾಣುವುದೇ ಇಲ್ಲ. ಕೆಲವು ಕೂಲಂಟ್‌ಗಳೂ ಹಸಿರಾಗಿ ಹೊಳೆಯುತ್ತವೆ. ಒಮ್ಮೆ ಅದನ್ನೇ ಎಣ್ಣೆ ಅಂದುಕೊಂಡು ಅರ್ಧ ದಿನ ಹುಡುಕಿದ್ದೇನೆ. ಬಟ್ಟೆಗೆ ತಾಗಿದರೆ ಸುಲಭಕ್ಕೆ ಹೋಗುವುದಿಲ್ಲ. ದೊಡ್ಡ ತಮಾಷೆ ಅಂದರೆ, ಲೀಕ್ ಹುಡುಕುವ ಈ ಬಾಟಲಿಯ ಮುಚ್ಚಳವೇ ಲೀಕ್. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ನೆಟ್ಟಗೆ ಇಡಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಮುಚ್ಚಳಕ್ಕೆ. ಬಾಟಲಿಯಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟು ಡೈ ಉಳಿದಿದೆ. ಹೋದ ವಾರದಿಂದ ಚಕ್ರಗಳಿಗೆ ಶಕ್ತಿ ಹಂಚುವ ಡಿಫ್ರೆನ್ಷಿಯಲ್‌ನ ಮೂತಿಯಲ್ಲಿ ಸ್ವಲ್ಪ ಪಸೆ ಕಾಣುತ್ತಿದೆ. ಈ ಸಲ ಮೊದಲು ಅದರ ಬ್ರೀದರ್ ನೋಡುತ್ತೇನೆ.