‘ಫುಲ್ ಬ್ರ್ಯಾಂಡಿಂಗ್ ಪ್ಯಾಕೇಜ್’ಗೆ ಹಣ ಕೊಡುವ ಮುಂಚೆ ಇದನ್ನು ಓದಿ

ಬ್ರಹ್ಮಾವರದ ಕಡೆ ಮನೆಯಲ್ಲೇ ಮಸಾಲೆ ಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಒಂದು ಸಣ್ಣ ಘಟಕಕ್ಕೆ ಆದದ್ದು ಇದು. ಲೋಗೋ, ವಿಸಿಟಿಂಗ್ ಕಾರ್ಡ್, ಬಾಟಲಿ ಲೇಬಲ್, ಬೋರ್ಡ್, ವೆಬ್‌ಸೈಟ್, ಗೂಗಲ್ ಪುಟ ಎಲ್ಲ ಒಂದೇ ಪ್ಯಾಕೇಜಿನಲ್ಲಿ ಕೊಡುತ್ತೇವೆಂದು ಪೂರ್ತಿ ಹಣ ಮುಂಗಡ ತೆಗೆದುಕೊಂಡರು. ಏನೇ ಕೇಳಿದರೂ ಒಂದೇ ಉತ್ತರ: ‘ಅಕ್ಕ, ಅದೆಲ್ಲ ನಾವೇ ನೋಡಿಕೊಳ್ತೇವೆ, ನೀವು ಟೆನ್ಶನ್ ಮಾಡ್ಬೇಡಿ.’ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೋರ್ಡ್ ಕೆಟ್ಟಿತು, ಲೇಬಲ್ ಮೂಲೆಗೆ ಬಿತ್ತು, ವೆಬ್‌ಸೈಟ್ ಬಂದ್ ಆಯಿತು. ಯಾರು ಮಾಡಿಕೊಟ್ಟರು ಎನ್ನುವುದು ಇಲ್ಲಿ ಬೇಡ. ಎಲ್ಲೆಲ್ಲಿ ಯಾಕೆ ಕೆಟ್ಟಿತು ಎಂಬುದು ಗೊತ್ತಿದ್ದರೆ ನೀವು ತಪ್ಪಿಸಿಕೊಳ್ಳಬಹುದು.

ಮೊದಲು ಲೋಗೋ. ಕೈಗೆ ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಒಂದು ಜೆಪಿಜಿ, 800 ಪಿಕ್ಸೆಲ್ ಅಗಲದ್ದು. ಮುದ್ರಣಕ್ಕೆ ಬೇಕಾದ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಅದು ಎರಡೂಮುಕ್ಕಾಲು ಇಂಚು ಅಗಲಕ್ಕೂ ಸಾಲುವುದಿಲ್ಲ. ಅದನ್ನೇ ಎಂಟು ಅಡಿ ಬೋರ್ಡಿಗೆ ಎಳೆದರೆ ಇಂಚಿಗೆ ಎಂಟೇ ಚುಕ್ಕೆ ಉಳಿಯುತ್ತದೆ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ಇನ್ನೇನಾಗುತ್ತದೆ? ಲೋಗೋ ಎಂದರೆ ವೆಕ್ಟರ್ ಫೈಲ್ (ಚುಕ್ಕೆಗಳಲ್ಲಿ ಅಲ್ಲ, ಗೆರೆಗಳಲ್ಲಿ ಬಿಡಿಸಿದ್ದು, ಎಷ್ಟು ಹಿಗ್ಗಿಸಿದರೂ ಅಂಚು ಕೆಡದು) ಇರಲೇಬೇಕು: ಸಿಡಿಆರ್, ಎಐ, ಎಸ್‌ವಿಜಿ, ಇಲ್ಲವೇ ವೆಕ್ಟರ್ ಪಿಡಿಎಫ್. ಕೆಲವರು ಜೆಪಿಜಿಯನ್ನೇ ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದೊಳಗೆ ಅಂಟಿಸಿ ‘ಸಿಡಿಆರ್ ಕೊಟ್ಟಿದ್ದೇವೆ’ ಎನ್ನುತ್ತಾರೆ. ಯಾವುದಾದರೂ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಆ ಫೈಲನ್ನು ವೈರ್‌ಫ್ರೇಮ್ ನೋಟದಲ್ಲಿ (ಬಣ್ಣವಿಲ್ಲದೆ ಬರೀ ಗೆರೆ ತೋರಿಸುವ ನೋಟ) ತೆರೆಯಲು ಹೇಳಿ. ಆಕಾರದ ಗೆರೆಗಳು ಕಂಡರೆ ಸರಿ, ಬರೀ ಒಂದು ಚೌಕ ಕಂಡರೆ ಅದು ಫೋಟೋ. ಎರಡು ನಿಮಿಷದ ಕೆಲಸ. ಕೊನೆಯ ಕಂತು ಕೊಡುವ ಮುಂಚೆ ಇದನ್ನು ಮಾಡಿಸಿ. ಫೈಲನ್ನು ಪೆನ್‌ಡ್ರೈವ್‌ನಲ್ಲೋ ಇಮೇಲ್‌ನಲ್ಲೋ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ.

ಆ ಲೋಗೋದ ಎಲೆ ಮತ್ತು ಒನಕೆ ಕ್ಯಾನ್ವಾ ಎಂಬ ಆನ್‌ಲೈನ್ ವಿನ್ಯಾಸ ತಾಣದ ಸಿದ್ಧ ಚಿತ್ರಗಳು. ಅಂಥ ಸಿದ್ಧ ಚಿತ್ರಗಳಿರುವ ಲೋಗೋವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಕ್ಯಾನ್ವಾದ ಷರತ್ತುಗಳೇ ಬಿಡುವುದಿಲ್ಲ, ಯಾಕೆಂದರೆ ಅದೇ ಎಲೆಯನ್ನು ನಾಳೆ ಬೇರೆ ಯಾರು ಬೇಕಾದರೂ ಬಳಸಬಹುದು. ಇದಕ್ಕಿಂತ ಅಪಾಯದ್ದು ಹೆಸರಿನ ಪಕ್ಕ ಹಾಕಿದ್ದ, ವೃತ್ತದೊಳಗೆ ಆರ್ ಅಕ್ಷರವಿರುವ ಚಿಹ್ನೆ. ನೋಂದಣಿ ಆಗದೆ ಅದನ್ನು ಹಾಕುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 107ರ ಪ್ರಕಾರ ಅಪರಾಧ. ನೋಂದಣಿ ಆಗುವ ತನಕ ‘ಟಿಎಂ’ ಸಾಕು. ಹೆಸರು ಗಟ್ಟಿ ಮಾಡುವ ಮುಂಚೆ ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಸರಕಿನ ವರ್ಗವೊಂದಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ಮಸಾಲೆ ಪುಡಿ 30ನೇ ವರ್ಗ, ಉಪ್ಪಿನಕಾಯಿ 29ನೇ ವರ್ಗ; ಎರಡೂ ಮಾರುವವರು ಎರಡು ವರ್ಗದ ಶುಲ್ಕ ಲೆಕ್ಕ ಹಾಕಿಕೊಳ್ಳಬೇಕು.

ಹಣ ಕೊಟ್ಟ ಮಾತ್ರಕ್ಕೆ ಲೋಗೋದ ಹಕ್ಕು ನಿಮ್ಮದಾಗುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹೊರಗಿನ ಡಿಸೈನರ್ ಬಿಡಿಸಿದ್ದರೆ, ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸುವ ತನಕ ಕಾಪಿರೈಟ್ ಸಾಮಾನ್ಯವಾಗಿ ಅವರದ್ದೇ. ಪತ್ರದಲ್ಲಿ ಅವಧಿ ಬರೆಯದಿದ್ದರೆ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 19 ಅದನ್ನು ಐದೇ ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು. ದುಬೈ, ಮಸ್ಕತ್‌ನ ಅಂಗಡಿಗಳಿಗೆ ಸರಕು ಕಳಿಸುವವರು ಈ ಊರಲ್ಲಿ ಕಡಿಮೆಯಿಲ್ಲ. ಹಾಗಾಗಿ ‘ಕಾಪಿರೈಟ್ ಇರುವಷ್ಟು ಕಾಲಕ್ಕೂ, ಎಲ್ಲ ದೇಶಗಳಿಗೂ’ ಎಂದು ಸ್ಪಷ್ಟವಾಗಿ ಬರೆಸಿ.

ಹೆಚ್ಚು ನಷ್ಟವಾದದ್ದು ಲೇಬಲ್‌ನಲ್ಲಿ. 5,000 ಪ್ರತಿ ಒಮ್ಮೆಲೇ ಆಫ್‌ಸೆಟ್‌ನಲ್ಲಿ (ಪ್ಲೇಟ್ ಮಾಡಿ ಸಾವಿರಗಟ್ಟಲೆ ಹೊಡೆಯುವ ಮುದ್ರಣ) ಹೊಡೆಸಿದರು, ಪ್ರೂಫ್ (ತಪ್ಪು ನೋಡುವ ಮಾದರಿ ಪ್ರತಿ) ತೋರಿಸಲೇ ಇಲ್ಲ. ‘ಉಪ್ಪಿನಕಾಯಿ’ ಎಂಬುದು ‘ಉಪ್‌ಪಿನಕಾಯಿ’ ಎಂದು ಅಚ್ಚಾಗಿತ್ತು. ಹಳೆಯ ಪೇಜ್‌ಮೇಕರ್, ಹಳೆಯ ಕೋರೆಲ್‌ನಂಥ ತಂತ್ರಾಂಶಗಳಲ್ಲಿ ಯೂನಿಕೋಡ್ (ಈಗಿನ ಮೊಬೈಲ್, ಕಂಪ್ಯೂಟರ್‌ಗಳು ಬಳಸುವ ಅಕ್ಷರ ಸಂಕೇತ) ಕನ್ನಡ ಹಾಕಿದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಫೋಟೋಶಾಪ್, ಇಲಸ್ಟ್ರೇಟರ್‌ನಲ್ಲಿ ಟೈಪ್ ಸೆಟ್ಟಿಂಗ್ ಒಳಗೆ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕದಿದ್ದರೂ ಇದೇ ಗತಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಒತ್ತು ಸರಿಯಾಗಿ ಬಂದೀತು, ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಡೀ ಸಾಲು ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಪ್ರೆಸ್ಸಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿಸಿ (ಫಾಂಟ್ ಬೇಡದ ಗೆರೆಯ ಆಕಾರಗಳಾಗಿ ಬದಲಿಸಿ), ತಿದ್ದಲು ಬರುವ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ಫಾಂಟ್‌ಗೆ ಹಣ ಕೊಡಬೇಕಾಗಿಯೂ ಇಲ್ಲ: ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ವ್ಯಾಪಾರದ ಬಳಕೆಗೂ ಮುಕ್ತ.

ಬಣ್ಣವೂ ಕೈಕೊಟ್ಟಿತ್ತು. ಮೊಬೈಲ್ ಪರದೆಯ ಆರ್‌ಜಿಬಿಯಲ್ಲಿ (ಕೆಂಪು, ಹಸಿರು, ನೀಲಿ ಬೆಳಕು) ಉರಿಯುವ ಹಸಿರು, ಕಿತ್ತಳೆ ಬಣ್ಣಗಳು ಮುದ್ರಣದ ಸಿಎಂವೈಕೆ ಶಾಯಿಯಲ್ಲಿ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಮಂಕಾಗಿ ಬರುವುದು ಸಹಜ. ಹಾಗಾಗಿ ಲೋಗೋದ ಸಿಎಂವೈಕೆ ಅಂಕಿಗಳನ್ನು ಮೊದಲೇ ಬರೆಸಿಕೊಳ್ಳಬೇಕು. ಸಣ್ಣ ಕಪ್ಪು ಅಕ್ಷರಗಳು ಬರೀ ಕಪ್ಪು ಶಾಯಿಯಲ್ಲಿ (ಕೆ 100) ಇರಲಿ. ನಾಲ್ಕೂ ಬಣ್ಣ ಕೂಡಿಸಿದ ಕಪ್ಪಾದರೆ ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರ ಎರಡೆರಡಾಗಿ ಕಾಣುತ್ತದೆ. ಕತ್ತರಿಸುವ ಅಂಚಿಗೆ ಸುತ್ತ 3 ಮಿ.ಮೀ. ಬ್ಲೀಡ್ (ಅಂಚಿನಾಚೆಗೂ ಚಾಚಿದ ಹಿನ್ನೆಲೆ ಬಣ್ಣ) ಬಿಡಿಸಿ.

ಇಷ್ಟೆಲ್ಲ ಸರಿಯಿದ್ದಿದ್ದರೂ ಆ ಲೇಬಲ್ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರಲಿಲ್ಲ, ಬ್ಯಾಚ್ ಸಂಖ್ಯೆಗೆ ಜಾಗವಿರಲಿಲ್ಲ, ಎಂಆರ್‌ಪಿ ಜೊತೆ ‘ಎಲ್ಲ ತೆರಿಗೆ ಸೇರಿ’ ಎಂದಿರಲಿಲ್ಲ. ತಯಾರಕರ ಪೂರ್ತಿ ವಿಳಾಸ, ನಿವ್ವಳ ತೂಕ, ಗ್ರಾಂ ಲೆಕ್ಕದ ದರ, ತಯಾರಿಕೆಯ ಮತ್ತು ಬಳಕೆಯ ಕೊನೆಯ ದಿನಾಂಕ, ತೂಕದ ಇಳಿಕೆ ಕ್ರಮದಲ್ಲಿ ಪದಾರ್ಥಗಳು, ಪೋಷಕಾಂಶದ ಪಟ್ಟಿ, ಸಸ್ಯಾಹಾರವೆಂದು ತೋರಿಸುವ, ಚೌಕದೊಳಗಿನ ಹಸಿರು ಚುಕ್ಕೆ, ದೂರಿಗೆ ಫೋನ್ ಮತ್ತು ಇಮೇಲ್: ಇವಕ್ಕೆ ಜಾಗ ಹಾಕಿಯೇ ವಿನ್ಯಾಸ ಶುರುವಾಗಬೇಕು, ಕೊನೆಗೆ ತುರುಕುವುದಲ್ಲ. ಪಟ್ಟಿಯನ್ನು ಡಿಸೈನರ್‌ಗೆ ನೀವೇ ಬರೆದು ಕೊಡಿ, ಅವರಿಗೆ ಗೊತ್ತಿರುತ್ತದೆಂದು ನಂಬಬೇಡಿ. ನಮ್ಮ ಕರಾವಳಿಯ ತೇವಕ್ಕೆ ಲ್ಯಾಮಿನೇಶನ್ ಇಲ್ಲದ ಕಾಗದದ ಸ್ಟಿಕ್ಕರ್ ಸುರುಟಿಕೊಳ್ಳುತ್ತದೆ, ಉಪ್ಪಿನಕಾಯಿ ಎಣ್ಣೆ ತಾಗಿದರೆ ಕಲೆಯಾಗುತ್ತದೆ. ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಫಿಲ್ಮ್ ಸ್ಟಿಕ್ಕರ್ ಹಾಕಿಸಿ. ದಿನಾಂಕ ಒತ್ತುವ ಚೌಕವನ್ನು ಮಾತ್ರ ಮ್ಯಾಟ್ ಬಿಳಿಯಾಗಿ ಬಿಡಿಸಿ, ಇಲ್ಲವಾದರೆ ಮೊಹರಿನ ಶಾಯಿ ಒಣಗದೆ ಒರೆಸಿ ಹೋಗುತ್ತದೆ. ಮೊದಲು ನೂರಿನ್ನೂರು ಲೇಬಲ್ ಡಿಜಿಟಲ್‌ನಲ್ಲಿ ಹೊಡೆಸಿ ಬಾಟಲಿಗೆ ಅಂಟಿಸಿ ನೋಡಿದ ಮೇಲೆಯೇ ಆಫ್‌ಸೆಟ್.

ಬೋರ್ಡ್ ವಿಷಯ ಚಿಕ್ಕದು. ಕರ್ನಾಟಕದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡ ಇರಬೇಕು, ಮೇಲ್ಭಾಗದಲ್ಲಿ. ಇಂಗ್ಲಿಷ್ ದೊಡ್ಡದು ಮಾಡಿ ಕನ್ನಡವನ್ನು ಮೂಲೆಗೆ ಹಾಕಿದ್ದರಿಂದ ಇಡೀ ಫಲಕ ಮತ್ತೆ ಮಾಡಿಸಬೇಕಾಯಿತು. ಬಣ್ಣ ಬಳಿಯದ ಕಬ್ಬಿಣದ ಫ್ರೇಮ್ ಉಪ್ಪುಗಾಳಿಗೆ ವೆಲ್ಡಿಂಗ್ ಜಾಗದಿಂದಲೇ ತುಕ್ಕು ಹಿಡಿದು ಕೆಳಗೆ ಇಳಿಯಿತು. ಅಲ್ಯೂಮಿನಿಯಂ ಫ್ರೇಮ್, ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಅಕ್ಷರ, ಐಪಿ67 (ನೀರು, ದೂಳು ಒಳಹೋಗದ) ಎಲ್‌ಇಡಿ ಕೇಳಿ, ಬಿಲ್ಲಿನಲ್ಲೂ ಹಾಗೆಯೇ ಬರೆಸಿ.

ವೆಬ್‌ಸೈಟಿನ ಡೊಮೇನ್ (ಸೈಟಿನ ವಿಳಾಸದ ಹೆಸರು) ಡಿಸೈನರ್ ಹೆಸರಲ್ಲಿತ್ತು, ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಅಂಗಡಿ ತೋರಿಸುವ ಪುಟ) ಅವರ ಜಿಮೇಲ್‌ನಲ್ಲಿ. ಜಗಳವಾದ ಮೇಲೆ ಫೋನ್ ಎತ್ತಲಿಲ್ಲ. ನವೀಕರಣ ಆಗದೆ ಸೈಟೂ ಹೋಯಿತು, ಆ ಹೆಸರಿನ ಇಮೇಲೂ ಹೋಯಿತು. ಡೊಮೇನನ್ನು ನಿಮ್ಮ ಜಿಮೇಲ್, ನಿಮ್ಮ ಮೊಬೈಲ್ ನಂಬರ್, ನಿಮ್ಮ ಕಾರ್ಡಿನಿಂದ ಖರೀದಿಸಿ. ಗೂಗಲ್ ಪ್ರೊಫೈಲನ್ನು ನೀವೇ ತೆರೆದು ಅವರನ್ನು ಮ್ಯಾನೇಜರ್ ಆಗಿ ಸೇರಿಸಿ. ಪ್ರೈಮರಿ ಓನರ್ ನೀವೇ ಇರಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಪುಟಕ್ಕೂ ಹೀಗೆಯೇ.

ಈಗಾಗಲೇ ಸಿಕ್ಕಿಬಿದ್ದವರು ಮೊದಲು ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಅಂಗಡಿ ತೆರೆದು ಮಾಲೀಕತ್ವಕ್ಕೆ ಮನವಿ ಹಾಕಿ. ಈಗಿನ ಮಾಲೀಕರು ಉತ್ತರಿಸದಿದ್ದರೆ ವೆರಿಫಿಕೇಶನ್ ಮಾಡಿ ಪಡೆಯುವ ದಾರಿ ತೆರೆಯಬಹುದು. ಆ ವೆರಿಫಿಕೇಶನ್‌ಗೆ ಬೋರ್ಡ್, ಬಿಲ್ ಪುಸ್ತಕ, ಪರವಾನಗಿ ಎದುರಿಗಿಟ್ಟುಕೊಂಡು ವಿಡಿಯೋ ತೆಗೆಯಿರಿ. ಡೊಮೇನ್ ಅವಧಿ ಮುಗಿದಿಲ್ಲವಾದರೆ ಆಥ್ ಕೋಡನ್ನು (ಡೊಮೇನ್ ನಿಮ್ಮ ಕಡೆಗೆ ವರ್ಗಾಯಿಸಲು ಬೇಕಾದ ಗುಪ್ತ ಸಂಕೇತ) ಡಿಸೈನರ್‌ಗೆ ಇಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಬೇಡ, ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ. ಲೋಗೋದ ಮೂಲ ಫೈಲ್ ಸಿಗದಿದ್ದರೆ ಸಿದ್ಧ ಚಿತ್ರಗಳನ್ನು ಬಿಟ್ಟು ಹೊಸದಾಗಿಯೇ ಬಿಡಿಸಿ, ಒಂದೇ ಬಣ್ಣದಲ್ಲಿ, ಒಂದು ಇಂಚಿನ ರಬ್ಬರ್ ಸ್ಟ್ಯಾಂಪಿನಲ್ಲೂ ವಾಟ್ಸ್‌ಆ್ಯಪ್‌ನ ಗುಂಡು ಡಿಪಿಯಲ್ಲೂ ಹೆಸರು ಓದಲು ಬರುತ್ತದೆಯೇ ನೋಡಿ ಒಪ್ಪಿಕೊಳ್ಳಿ.